ಅಗಿಯುವುದು

ಶಿಶುವಿಹಾರದ ಟೀಚರು ತಾಯಿಯನ್ನು ಬಾಗಿಲಲ್ಲೇ ತಡೆದರು.

"ನಿಮ್ಮ ಗುಬ್ಬಿ ತಟ್ಟೆ ಮುಂದೆ ಕೂತು ಬಾಯಿ ತೆರೀತಾಳೆ, ಅಷ್ಟೇ. ಕೈ ಹಾಕಲ್ಲ. ತಟ್ಟೆ ನೋಡಲ್ಲ, ಎದುರಿನ ಗೋಡೆ ನೋಡ್ತಾಳೆ. ನಾವೇ ಬಾಯಿಗಿಟ್ರೂ ಅಗಿಯಲ್ಲ. ನಿನ್ನೆ ಹಣ್ಣಿನ ಚೂರು ಗಂಟಲಿಗೆ ಸಿಕ್ಕಿ ನಮ್ಮ ಜೀವ ಬಾಯಿಗೆ ಬಂತು. ಈ ತಿಂಗಳು ನೋಡ್ತೀವಿ. ಆಮೇಲೆ ಇಟ್ಕೊಳೋಕಾಗಲ್ಲಮ್ಮ."

ಗುಬ್ಬಿಗೆ ಮೂರು ವರ್ಷ. ತಾಯಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಶಿಶುವಿಹಾರ ತಪ್ಪಿದರೆ ಕೆಲಸವೂ ತಪ್ಪಿದಂತೆ. ಮಂಡಿನೋವಿನ ಅತ್ತೆ ಇಡೀ ದಿನ ಮಗುವಿನ ಹಿಂದೆ ಓಡಲಾರರು.

ಗೋಡೆಯ ವಿಷಯ ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಮನೆಯಲ್ಲಿ ಗೋಡೆಗೆ ಒರಗಿಸಿದ ಫೋನಿರುತ್ತಿತ್ತು. ಅದರಲ್ಲಿ ಕಾರ್ಟೂನ್ ಕರಡಿ ಹಾಡತೊಡಗಿದರೆ ಗುಬ್ಬಿಯ ಬಾಯಿ ತೆರೆಯುತ್ತಿತ್ತು, ಮಿಕ್ಸಿಯಲ್ಲಿ ಅರೆದ ಅನ್ನ ಒಳಗೆ ಹೋಗುತ್ತಿತ್ತು. ಬೇಗ ಮುಗಿಯುವ ಕೆಲಸ.

ಅಂದೇ ಅವಳು ಫೋನು ತೋರಿಸುವುದನ್ನು ನಿಲ್ಲಿಸಿದಳು. ಮಗು ಅತ್ತಿತು, ತಿನ್ನಲಿಲ್ಲ. ಮರುದಿನವೂ ಅಷ್ಟೇ. ಮೂರನೆಯ ದಿನ ಅವಳು ಬೇಗ ಮನೆಗೆ ಬಂದಾಗ ಒಳಗೆ ಕರಡಿ ಹಾಡುತ್ತಿತ್ತು. ಅತ್ತೆ ತಮ್ಮ ಫೋನನ್ನು ಚೊಂಬಿಗೆ ಆನಿಸಿ ಚಮಚ ಹಿಡಿದಿದ್ದರು.

"ಏನತ್ತೆ ಇದು?"

"ಮಗು ಹೊಟ್ಟೆ ಬೆನ್ನಿಗೆ ಹತ್ತಿತ್ತು ಕಣೇ. ಆ ಟೀಚರಿಗೇನು, ಊರ ಮಕ್ಕಳನ್ನ ಉಪವಾಸ ಕೆಡವೋಕೇ ಸಂಬಳ."

"ಹೀಗಾದ್ರೆ ಅವಳು ಅಗಿಯೋದು ಯಾವಾಗ ಕಲೀತಾಳೆ?"

"ಈ ಕರಡೀನ ಮನೆಗೆ ಕರ್ಕೊಂಡು ಬಂದೋಳು ನೀನು. ನನ್ನ ಮಗ ಯಾವ ಶಾಲೇಲಿ ಅಗಿಯೋದು ಕಲ್ತ? ನಮ್ಮ ಪಕ್ಕ ಕೂತ, ನೋಡ್ದ, ತಿಂದ. ಇವಳು ಈ ಮನೇಲಿ ಯಾರು ತಿನ್ನೋದನ್ನ ನೋಡಿದಾಳೆ, ಹೇಳು?"

ಚುಚ್ಚಲೆಂದೇ ಆಡಿದ ಮಾತು. ಆದರೆ ಸೊಸೆ ಒಬ್ಬೊಬ್ಬರ ಊಟವನ್ನೂ ನೆನೆದು ನೋಡಿದಳು. ಗಂಡ ಪಾಳಿ ಮುಗಿಸಿ ಬಂದು ಒಬ್ಬನೇ ಉಣ್ಣುತ್ತಾನೆ. ಅತ್ತೆ ಮಾತ್ರೆಯ ಹೊತ್ತಿಗೆ ಉಣ್ಣುತ್ತಾರೆ. ತಾನು, ಮಗು ಮಲಗಿದ ಮೇಲೆ, ಒಲೆಯ ಪಕ್ಕ ನಿಂತುಕೊಂಡು.

ಅವಳು ಫೋನು ಆರಿಸಿದಳು. ಮಗು ಕಿರುಚಿತು. ಎರಡು ತಟ್ಟೆಗೆ ಬಡಿಸಿ ನೆಲದ ಮೇಲಿಟ್ಟಳು.

"ನಂಗೆ ಹಸಿವಿಲ್ಲ," ಎಂದರು ಅತ್ತೆ.

"ಇಲ್ಲದಿದ್ರೂ ತಿನ್ನಿ. ಕೂತ್ಕೊಳ್ಳಿ."

ಇಬ್ಬರೂ ಉಂಡರು. ಮಗುವಿನ ಅಳು ತಾನಾಗಿ ಸೋತಿತು. ಆಗ ತಾಯಿ ಸೌತೆಕಾಯಿಯ ಚೂರು ಕಚ್ಚಿದಳು. ಕರುಂ ಎಂಬ ಸದ್ದಿಗೆ ಮಗು ತಿರುಗಿತು. ಮೆಲ್ಲಗೆ ಹತ್ತಿರ ಬಂದು, ಅಮ್ಮನ ತುಟಿಗಳ ನಡುವೆ ಎರಡು ಬೆರಳು ತೂರಿಸಿ ಹಲ್ಲು ಮುಟ್ಟಿ ನೋಡಿತು.

"ಕಚ್ಚಿಬಿಟ್ಟೀಯೆ," ಎಂದರು ಅತ್ತೆ. ದನಿಯಲ್ಲಿ ಜಗಳವಿರಲಿಲ್ಲ.

ತಾಯಿ ಬೆರಳಿಗೆ ತಾಗದಂತೆ ನಿಧಾನವಾಗಿ ಅಗಿದು ನುಂಗಿದಳು. ಆ ಹೊತ್ತು ಗುಬ್ಬಿ ಏನೂ ತಿನ್ನಲಿಲ್ಲ. ತಟ್ಟೆಯಿಂದ ಇನ್ನೊಂದು ಚೂರು ತಾನೇ ಎತ್ತಿ ಅಮ್ಮನ ಬಾಯಿಗಿಟ್ಟಳು; ಮತ್ತೆ ನೋಡುತ್ತ ಕೂತಳು.