ಕುರಿಗಳು ಬಿಟ್ಟ ಜಾಗ

ಹತ್ತರಗಿಯಿಂದ ಯಮಕನಮರಡಿಗೆ ಹೋಗುವ ರಸ್ತೆಯ ಬದಿಗೆ ಫುಟ್‌ಪಾತು, ಅದಕ್ಕೆ ಹೊಂದಿಕೊಂಡು ಸೈಕಲ್ ದಾರಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಹಿಗ್ಗಿಹೋಗಿದ್ದೆ. ನನ್ನ ಮಗಳು ವಿದ್ಯಾ ದಿನಾ ಅದೇ ರಸ್ತೆಯಲ್ಲಿ ಸೈಕಲ್ ತುಳಿಯುತ್ತ ಶಾಲೆಗೆ ಹೋಗುತ್ತಾಳೆ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಅವಳ ಮೊಣಕೈ ಸವರುವಂತೆ ಹಾದುಹೋಗುವುದನ್ನು ಕಂಡು ನನ್ನ ಜೀವ ಬಾಯಿಗೆ ಬರುತ್ತಿತ್ತು.

ಕಚೇರಿಯಲ್ಲಿ ಕೂತು ನಕ್ಷೆ ಗೀಚುವ ಎಂಜಿನಿಯರುಗಳನ್ನು ಕಂಡರೆ ನನಗಾಗದು. ರಸ್ತೆ ಬದಿಗೆ ಸುಣ್ಣದ ಗೆರೆ ಹಾಕಿಸಿ, ದಿನಾ ಓಡಾಡುವವರನ್ನೇ ಅದರೊಳಗೆ ಸಾಗಲು ಹೇಳಿದೆ. ಸಂತೆಯ ಹೆಂಗಸರು ನಡೆದರು, ಮಕ್ಕಳು ಸೈಕಲ್ ಓಡಿಸಿದರು. ಕೊನೆಗೆ ಕುರಿಗಾರ ಮಾಲಿಂಗ ಹಿಂಡು ಹೊಡೆದುಕೊಂಡು ಬಂದ. ಹಳೇ ಮೋರಿಯ ಹತ್ತಿರ ಕುರಿಗಳು ಎರಡು ಪಾಲಾಗಿ, ಬರಿ ನೆಲವೊಂದನ್ನು ನಡುವೆ ಬಿಟ್ಟು ಹಾದು, ಮುಂದೆ ಮತ್ತೆ ಕೂಡಿಕೊಂಡವು. ಒಂದು ಮರಿಯೂ ಅಲ್ಲಿ ಕಾಲಿಡಲಿಲ್ಲ.

ಹೋಗಿ ನೋಡಿದೆ. ಗಾಜಿಲ್ಲ, ಮುಳ್ಳಿಲ್ಲ, ಹಾವಿನ ಬಿಲವೂ ಇಲ್ಲ.

“ಅಲ್ಲಿ ಯಾರೋ ಕುಂತಿರಬೇಕ್ರಿ,” ಎಂದ ಮಾಲಿಂಗ. “ನಮ್ಮಪ್ಪನ ಕುರಿನೂ ಹಿಂಗ ಹಾಯ್ತಿದ್ವು. ಯಾರಂತ ನನಗೂ ಗೊತ್ತಿಲ್ಲ. ಗೆರಿ ಜರಾ ಬಾಜೂಕ ಸರಸ್ರಿ, ಮೇಡಮ್ಮಾರ.”

“ಬಾಜೂ ಅಂದ್ರ ಟ್ರ್ಯಾಕ್ಟರ್ ಗಾಲಿ ಕೆಳಗ. ನನ್ನ ಮಗಳನ್ನ ಅಲ್ಲಿ ಕಳಸ್ಲೇನು?” ಎಂದು ರೇಗಿದೆ. ಕುರಿಗಳ ಮಾತು ಕೇಳಿ ದಾರಿ ಸೊಟ್ಟ ಮಾಡಲು ನನಗೇನು ತಲೆ ಕೆಟ್ಟಿತ್ತೇ? ನಾನೇ ಮುಂದೆ ನಿಂತು ಆ ನೆಲದ ಮೇಲೆ ಸಿಮೆಂಟಿನ ಕಲ್ಲು ಹಾಸಿಸಿದೆ.

ಕೆಲಸ ಮುಗಿಯಲು ಬಂದಿತ್ತು. ಒಂದು ಶನಿವಾರ ಮಟಮಟ ಮಧ್ಯಾಹ್ನ ಮೋರಿಯ ಬಳಿ ನಿಂತಿದ್ದಾಗ ಮಾಲಿಂಗನ ಹಿಂಡು ಬಂತು. ಕುರಿಗಳು ಎಲ್ಲೂ ಒಡೆಯದೆ ಕಲ್ಲಿನ ಮೇಲೆ ನೆಟ್ಟಗೆ ನಡೆದವು.

“ಎಲ್ಲಿ ಹೋದ್ರೋ ನಿಮ್ಮವರು?” ಎಂದು ಛೇಡಿಸಿದೆ.

“ಎದ್ದ ಹೋಗ್ಯಾರಂತ ಕಾಣ್ತೈತ್ರಿ,” ಎಂದು ಅವನೂ ನಕ್ಕ.

ಅಷ್ಟರಲ್ಲಿ ಎದುರಿನಿಂದ ವಿದ್ಯಾ ಶಾಲೆ ಮುಗಿಸಿ ಬಂದಳು. ಹಿಂಡಿಗೆ ದಾರಿ ಬಿಡಲು ಸೈಕಲ್ ನಿಲ್ಲಿಸಿದಳು. ಕುರಿಗಳು ಅವಳನ್ನು ಕಂಡದ್ದೇ ಎರಡು ಪಾಲಾದವು. ಆ ಬರಿ ನೆಲಕ್ಕೆ ಬಿಡುತ್ತಿದ್ದಷ್ಟೇ ಜಾಗವನ್ನು ಅವಳ ಸುತ್ತ ಬಿಟ್ಟು, ಅಂಚಿಗೆ ಒತ್ತಿಕೊಂಡು ಓಡಿದವು. ಮಾಲಿಂಗನ ನಗು ನಿಂತಿತು. ಅವನು ತಿರುಗಿ ನೋಡದೆ ಹಿಂಡಿನ ಹಿಂದೆಯೇ ಓಡಿದ.

“ಅವ್ವಾ, ದಾರಿ ಏರು ಮಾಡ್ಸೀಯೇನ?” ಎಂದಳು ವಿದ್ಯಾ. “ಮುಂಜಾನಿ ಈ ಮೋರಿ ದಾಟಿದಾಗಿಂದ ಪೆಡಲ್ ಭಾಳ ಜಡ ಆಗೇತಿ.”

ದಾರಿ ಸಮತಟ್ಟಾಗಿತ್ತು. ಸೈಕಲ್ಲಿನ ಹಿಂದಿನ ಟೈರು ಮಾತ್ರ ನೆಲಕ್ಕೆ ಒತ್ತಿಕೊಂಡಿತ್ತು. ಹಿಸುಕಿ ನೋಡಿದೆ, ಗಾಳಿ ಗಟ್ಟಿಯಾಗಿ ತುಂಬಿತ್ತು. ಮಗಳನ್ನು ಇಳಿಸಿ ದೂರ ನಿಲ್ಲಿಸಿ, ಸೈಕಲ್ಲನ್ನು ಮೋರಿಯ ಗೋಡೆಗೆ ಒರಗಿಸಿದೆ. ಖಾಲಿ ಸೈಕಲ್ಲಿನ ಟೈರು ಆಗಲೂ ಒತ್ತಿಕೊಂಡೇ ಇತ್ತು.

ಕೂಲಿಯವರು ಬಿಟ್ಟುಹೋದ ಹಾರೆ ತಂದು, ನಾನೇ ಹಾಸಿಸಿದ ಕಲ್ಲುಗಳನ್ನು ಮಣ್ಣು ಕಾಣುವವರೆಗೆ ಕಿತ್ತೆ. “ನಿಮ್ಮ ಜಾಗಾ ಬಿಟ್ಟೇನಿ, ಬರ್ರಿ,” ಎಂದು ಗೋಗರೆದೆ. ಏನೂ ಆಗಲಿಲ್ಲ. ಸೈಕಲ್ಲಿನ ಕಡೆ ತಿರುಗಿ ಕೈ ಮುಗಿದೆ.

“ಅಕಿನ್ನ ಬಿಡ್ರಿ. ಜಾಗಾ ಕೆಡಿಸಿದಾಕಿ ನಾನು. ನನ್ನ ಕೂಡ ಬರ್ರಿ.”

ಟೈರು ಮೆಲ್ಲಗೆ ಮೇಲೆದ್ದಿತು.

“ಅವ್ವಾ, ಯಾಕ ಹಂಗ ಬಾಗೀದಿ?” ಎಂದು ವಿದ್ಯಾ ಕೇಳಿದಳು.

“ಏನಿಲ್ಲ. ಸೈಕಲ್ ಹತ್ತಿ ಮುಂದ ನಡಿ.”

ಅವಳು ಹಗುರವಾಗಿ ಪೆಡಲ್ ತುಳಿಯುತ್ತ, ನಾನು ಮಾಡಿಸಿದ ದಾರಿಯಲ್ಲಿ, ಟ್ರ್ಯಾಕ್ಟರುಗಳಿಂದ ದೂರವಾಗಿ ಹೋದಳು. ನಾನು ಫುಟ್‌ಪಾತಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಹಿಂದೆ ಬಂದೆ. ಬೆನ್ನು ನೆಟ್ಟಗಾಗಲಿಲ್ಲ.