ವಿವರದ ಪುಟ ಇಟ್ಟ ಜಾಗ

ನಮ್ಮ ಮ್ಯಾನೇಜರಿಗೆ ಅಂದಚಂದದ ಹುಚ್ಚು. ಕರೆ ಬಂದ ಕಡೆಗೆ ಆಂಬುಲೆನ್ಸ್ ಕಳಿಸುವ ಸಾಫ್ಟ್‌ವೇರ್ ನಮ್ಮದು. ಅದು ಕೆಟ್ಟರೆ ಹೇಗೆ ಎಬ್ಬಿಸಬೇಕೆಂಬ ವಿವರವನ್ನು ಕೋಡಿನ ಜೊತೆಗೇ ಒಂದು ಫೈಲಿನಲ್ಲಿ ಬರೆದಿಡುತ್ತಿದ್ದೆವು. ಕೋಡು ಇದ್ದ ಕಂಪ್ಯೂಟರಿನಲ್ಲೆಲ್ಲ ಅದರ ಪ್ರತಿಯೂ ಇರುತ್ತಿತ್ತು. ಈತ ಬಂದವನೇ, "ಏನ್ರೀ ಇದು, ಕೋಡಿನ ಮಧ್ಯ ಸಂತೆ ಮಾಡಿಟ್ಟಿದೀರಾ? ವೆಬ್‌ಸೈಟಿಗೆ ಹಾಕಿ, ನೋಡೋಕೆ ಲಕ್ಷಣವಾಗಿರುತ್ತೆ" ಎಂದ. ಬೇಡವೆಂದು ಗಂಟಲು ಹರಿದುಕೊಂಡೆ. ಆತ ಕಿವಿಗೆ ಹಾಕಿಕೊಳ್ಳಲಿಲ್ಲ. ಬಣ್ಣಬಣ್ಣದ ಪುಟಗಳಾದವು, ಹಳೆಯ ಫೈಲನ್ನು ಅಳಿಸಿದರು.

ಆ ವೆಬ್‌ಸೈಟನ್ನು ಆಂಬುಲೆನ್ಸ್ ಸಾಫ್ಟ್‌ವೇರ್ ಓಡುವ ಸರ್ವರಿನಲ್ಲೇ ಇಟ್ಟಿದ್ದಾರೆಂದು ನನಗೆ ಗೊತ್ತಾಗಿದ್ದು ಸರ್ವರ್ ಮಲಗಿದ ದಿನ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದ ಹಾಗೆ.

ಮೊದಲು ಫೋನ್ ಮಾಡಿದ್ದು ಅಕ್ಕ. ಆಂಬುಲೆನ್ಸ್ ಕರೆ ತೆಗೆದುಕೊಳ್ಳುವ ಕಚೇರಿಯಲ್ಲಿ ಅವಳ ಕೆಲಸ.

"ಲೋ, ನಿಮ್ಮ ಸ್ಕ್ರೀನ್ ಕಪ್ಪಾಗಿದೆ ಕಣೋ. ಇನ್ನೊಂದು ಫೋನಲ್ಲಿ ಒಬ್ಬ ಅಮ್ಮ ಇದಾರೆ, ಅವರ ಯಜಮಾನರು ಮನೇಲಿ ಕುಸಿದು ಬಿದ್ದಿದಾರೆ, ಹತ್ತಿರ ಯಾವ ಗಾಡಿ ಇದೆ ಅಂತಾನೇ ಗೊತ್ತಾಗ್ತಿಲ್ಲ. ನಮ್ಮೋರು ಒಬ್ಬೊಬ್ಬ ಡ್ರೈವರಿಗೂ ಫೋನ್ ಮಾಡಿ ಕೇಳ್ತಿದಾರೆ. ಬೇಗ ಸರಿ ಮಾಡೋ!"

"ಮಾಡ್ತೀನಕ್ಕ, ಫೋನ್ ಇಡಬೇಡ."

ವಿವರದ ಪುಟ ತೆರೆಯಲು ಹೋದೆ. ತೆರೆಯಲಿಲ್ಲ. ಮ್ಯಾನೇಜರ್ ಹಿಂದಿನಿಂದ ಬಗ್ಗಿ, "ರಿಫ್ರೆಶ್ ಮಾಡಿ ನೋಡಿ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು.

"ಸರ್, ಸರ್ವರ್ ಎಬ್ಬಿಸೋ ವಿವರ ಆ ಸತ್ತ ಸರ್ವರಿನೊಳಗೇ ಇದೆ. ಏನಂತ ರಿಫ್ರೆಶ್ ಮಾಡ್ಲಿ?"

ಆತನ ಮುಖ ಬಿಳುಚಿಕೊಂಡಿತು. ಪಕ್ಕದವಳು ನೆನಪಿನಿಂದ ಒಂದು ಕ್ರಮ ಹೇಳಿದಳು, ಎದುರಿನವನು ಇನ್ನೊಂದು. ಕ್ರಮ ತಪ್ಪಿದರೆ ಇದ್ದಬದ್ದ ಮಾಹಿತಿಯೂ ಹೋಗುತ್ತದೆ. ಅಳಿಸಿದ ಫೈಲು ನನ್ನ ಕಂಪ್ಯೂಟರಿನಲ್ಲಿದ್ದ ಕೋಡಿನ ಹಳೆಯ ಪ್ರತಿಗಳಲ್ಲಿ ಸಿಕ್ಕೀತೆಂದು ಹುಡುಕತೊಡಗಿದೆ. ಅಕ್ಕ ಇನ್ನೊಂದು ಫೋನಿನಲ್ಲಿ ಆ ಯಜಮಾನರ ಹೆಂಡತಿಗೆ ಹೇಳುತ್ತಿದ್ದುದು ನನಗೂ ಕೇಳುತ್ತಿತ್ತು: "ಎದೆ ಮಧ್ಯ ಒತ್ತಿ ಅಮ್ಮ. ಇನ್ನೂ ಜೋರಾಗಿ. ನಿಲ್ಲಿಸಬೇಡಿ."

ಕೊನೆಗೂ ಸಿಕ್ಕಿತು. ಒಂದೊಂದೇ ಸಾಲು ಓದಿ ಟೈಪ್ ಮಾಡಿದೆ. ಗೋಡೆಯ ಪರದೆಯಲ್ಲಿ ಗಾಡಿಗಳ ಹಸಿರು ಚುಕ್ಕಿಗಳು ಮೂಡಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ನನ್ನ ಹೆಗಲು ಹಿಡಿದು ಕುಲುಕಿದ.

"ಅಕ್ಕ, ಬಂತು ನೋಡು!"

"ಬಂತು ಕಣೋ. ಒಂದು ಗಾಡಿ ಅವರ ಹಿಂದಿನ ಬೀದೀಲೇ ಇದೆ. ಆಗಿಂದ ಖಾಲಿ ನಿಂತಿದೆ."

"ಕಳಿಸಕ್ಕ ಮತ್ತೆ!"

"ಕಳಿಸ್ದೆ. ಆದ್ರೆ ಆಯಮ್ಮ, ಇನ್ನು ಬೇಡ ಬಿಡಿ ಅಂತ ಫೋನ್ ಇಟ್ಟುಬಿಟ್ರು ಕಣೋ."