ಬಾಗಿಲಿಗೆ ಬಂದ ಹೆದ್ದಾರಿ

ಬೆಳಿಗ್ಗೆ ಬಾಗಿಲು ತಳ್ಳಿದರೆ ನಾಲ್ಕು ಬೆರಳಷ್ಟು ತೆರೆದುಕೊಂಡು ಠಣ್ಣೆಂದು ನಿಂತಿತು. ಸಂದಿಗೆ ಕಣ್ಣಿಟ್ಟು ನೋಡಿದೆ. ಬೀದಿಯೇ ಇರಲಿಲ್ಲ. ಬೀದಿ ಇರಬೇಕಾದ ಜಾಗದಲ್ಲಿ, ಸೊಂಟದ ಮಟ್ಟಕ್ಕೆ, ಹಳದಿ ಕಬ್ಬಿಣದ ತೊಲೆಯೊಂದು ನಮ್ಮ ಗೋಡೆಯುದ್ದಕ್ಕೂ ಚಾಚಿಕೊಂಡಿತ್ತು. ಅದರ ಮೇಲೆ ನಮ್ಮ ಸೂರಿಗಿಂತ ಎತ್ತರದ ಬೂದು ಪೆಟ್ಟಿಗೆ. ಕೆಳಗೆ ಎಡಕ್ಕೂ ಬಲಕ್ಕೂ ಸಾಲುಸಾಲು ಚಕ್ರ.

ಬೆಳಗಿನ ಜಾವ ನೆಲ ನಡುಗಿದ್ದು ಗೊತ್ತಾಗಿತ್ತು. ದಾರಿ ತಪ್ಪಿದ ಇನ್ನೊಂದು ಲಾರಿ ಎಂದುಕೊಂಡು ಮಗ್ಗುಲು ಬದಲಿಸಿದ್ದೆ. ನಮಗೆ ಅದು ಹೊಸದಲ್ಲ. ಹನ್ನೆರಡನೇ ನಂಬರಿನ ಹೆದ್ದಾರಿ ಊರನ್ನು ಬಳಸಿಕೊಂಡು ಹೊರಗಿನಿಂದ ಹೋಗುತ್ತದೆ. ಫೋನಿನ ನಕ್ಷೆಯಲ್ಲಿ ಮಾತ್ರ ಆ ಹನ್ನೆರಡನ್ನು ಯಾರೋ ತಂದು ನಮ್ಮ ಬೀದಿಯ ಹಣೆಗೆ ಅಂಟಿಸಿದ್ದಾರೆ. ಎರಡು ಕಾರು ಎದುರುಬದುರಾದರೆ ಒಬ್ಬರು ದೊಡ್ಡ ಮನಸ್ಸು ಮಾಡಿ ಹಿಂದೆ ಹೋಗಬೇಕಾದ ಬೀದಿ ಇದು. ಎದುರಿನ ಕ್ಷೌರದಂಗಡಿಯಾತ ಈ ತಪ್ಪನ್ನು ತಿದ್ದಿ ಎಂದು ನಕ್ಷೆಯವರಿಗೆ ಎಷ್ಟೋ ಸಲ ಬರೆದಿದ್ದ. ಈ ರಸ್ತೆಯಲ್ಲಿ ಭಾರಿ ವಾಹನಗಳು ದಿನವೂ ಓಡಾಡುವುದು ಕಂಡುಬಂದಿದೆ, ಆದ್ದರಿಂದ ಇದು ಹೆದ್ದಾರಿಯೇ ಎಂದು ಉತ್ತರ ಬಂದಿತ್ತು.

"ನೋಡಿ ಅತ್ತಿಗೆ, ದಾರಿ ತಪ್ಪಿ ಬಂದೋರೆಲ್ಲ ನಮ್ಮ ವಿರುದ್ಧ ಸಾಕ್ಷಿ ಹೇಳಿ ಹೋಗ್ತಿದ್ದಾರೆ," ಎಂದಿದ್ದ.

ಮನೆ ಎಂದರೆ ಒಂದೇ ಉದ್ದ ಕೋಣೆ. ಬಾಗಿಲ ಬಳಿ ನನ್ನ ಹೊಲಿಗೆ ಯಂತ್ರ, ನಡುವೆ ಮಂಚ, ಕೊನೆಗೆ ಒಲೆ. ಹಿಂದಿನ ಗೋಡೆ ಗೋದಾಮಿನವರದು, ಅಕ್ಕಪಕ್ಕದವು ಅಕ್ಕಪಕ್ಕದವರವು. ಕಿಟಕಿಗೆ ದಪ್ಪ ಸರಳು. ಒಳಗೆ ಹೋಗಲು ಬರಲು ಇರುವುದು ಅದೊಂದೇ ಬಾಗಿಲು. ಒಳಕ್ಕೆ ತೆರೆಯುವ ಬಾಗಿಲು ಅರ್ಧ ಮನೆ ತಿನ್ನುತ್ತದೆ ಎಂದು ನನ್ನ ಗಂಡ ಅದನ್ನು ಹೊರಕ್ಕೆ ತೆರೆಯುವಂತೆ ಕೂರಿಸಿದ್ದರು. ಅವರು ಬಡಗಿ. ಕೈಯಲ್ಲಿ ಕಸುವಿದ್ದಾಗ ಮಾಡಿದ ಕೊನೆಯ ಕೆಲಸ ಅದು.

ಆಮೇಲೆ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ಅಂದು ಮಧ್ಯಾಹ್ನ ಅವರ ಪಾಳಿ. ತಪ್ಪಿದರೆ ಹಾಸಿಗೆ ಬೇರೆಯವರ ಪಾಲಾಗುತ್ತದೆ, ಮತ್ತೆ ಸಿಗುವುದು ನಾಡಿದ್ದೇ. ಹಿಂದೊಮ್ಮೆ ತಪ್ಪಿದಾಗ ಕಾಲು ಊದಿ, ಎದೆಯಲ್ಲಿ ನೀರು ತುಂಬಿ, ಮಲಗಿದರೆ ಉಸಿರು ಸಿಗದೆ ಗೋಡೆಗೊರಗಿ ಕುಳಿತೇ ಬೆಳಗು ಮಾಡಿದ್ದರು. ಇನ್ನೊಂದು ಸಲ ತಪ್ಪಿಸಿದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಅವರ ಎದುರಿಗೇ ಹೇಳಿದ್ದರು.

ತೊಲೆಯ ಕೆಳಗಿನಿಂದ ಒಂದು ತಲೆ ಬಾಗಿಲ ಸಂದಿಯತ್ತ ತೂರಿ ಬಂತು. ಟ್ರೇಲರಿನ ಡ್ರೈವರು.

"ಅಕ್ಕಾ, ಬೈಬೇಡಿ ಅಂತ ಮೊದಲೇ ಕೇಳ್ಕೋತೀನಿ."

"ಬೈಯೋಕಾದ್ರೂ ಬಾಗಿಲು ತೆಗೀಬೇಕಲ್ಲಪ್ಪ. ಗಾಡಿ ಹಿಂದಕ್ಕೆ ತಗೋ."

"ಅದೇ ಆಗ್ತಿಲ್ಲ. ಮುಂದೆ ತಿರುವಲ್ಲಿ ಮೂತಿ ಗೋಡೆಗೆ ಸಿಕ್ಕಿದೆ. ಹಿಂದಕ್ಕೆ ಹೋಗ್ಬಹುದು, ಆದ್ರೆ ನಮ್ಮ ಕಂಪನಿ ಆಫೀಸು ಹೂಂ ಅನ್ಬೇಕು. ಮೇಲಿರೋದು ಕರೆಂಟಿನ ಟ್ರಾನ್ಸ್‌ಫಾರ್ಮರ್. ಇಷ್ಟು ದೊಡ್ಡ ಸಾಮಾನು ಸಾಗಿಸೋಕೆ ಪರ್ಮಿಟ್ ಕೊಟ್ಟಿರೋದು ಹನ್ನೆರಡನೇ ನಂಬರಿಗೆ ಮಾತ್ರ. ಇದು ಹನ್ನೆರಡಲ್ಲ ಅಂತ ನಾನು ಒಪ್ಕೊಂಡ್ರೆ ಪರ್ಮಿಟ್ ಇಲ್ಲದ ರಸ್ತೇಲಿ ಇದ್ದೀನಿ ಅಂತಾಯ್ತು. ಆಮೇಲೆ ಒಂದಡಿ ಅಲ್ಲಾಡಿಸಿದ್ರೂ ಲೈಸೆನ್ಸ್ ಹೋಯ್ತು."

"ಹಾಗಾದ್ರೆ ಹನ್ನೆರಡೇ ಅನ್ನು."

"ಅಂದೆ ಅಕ್ಕಾ. ಅವರ ಕಂಪ್ಯೂಟರೂ ಹಾಗೇ ಅನ್ನುತ್ತಂತೆ. ಹನ್ನೆರಡರಲ್ಲೇ ಇದ್ದೀಯಲ್ಲ, ಮತ್ಯಾಕೆ ನಿಂತೆ, ಮುಂದಕ್ಕೆ ಹೋಗು ಅಂತಾರೆ."

ಆಚೆಯಿಂದ ಇನ್ನೊಂದು ದನಿ ಕೇಳಿಸಿತು. ಟ್ರೇಲರಿನ ಮುಂದೆ ದಾರಿ ತೋರಿಸುವ ಕಾರು ಓಡಿಸುವವನದು. ಅವನು ಈ ಡ್ರೈವರನ ಅಕ್ಕನ ಗಂಡ.

"ಎಲ್ಲಾ ನನ್ನ ತಲೆಗೆ ಕಟ್ಬೇಡ. ಫೋನು ತಿರುಗು ಅಂತು, ತಿರುಗಿದೆ."

"ಬಾವಿಗೆ ಬೀಳು ಅಂದ್ರೆ ಬೀಳ್ತಿದ್ದೆಯಾ ಭಾವ?"

"ನೀನು ಹಿಂದೇನೆ ಬರ್ತಿದ್ದೆಯಲ್ಲ. ನಾನು ಬಿದ್ದಿದ್ದು ನೋಡಿಯಾದ್ರೂ ನಿಲ್ಲಿಸಬೇಕಿತ್ತು."

ನಗು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮಂಚದ ಕಡೆ ನೋಡಿದೆ. ಒಳಗೆ ರೋಗಿ ಇದ್ದಾರೆ, ಮಧ್ಯಾಹ್ನದೊಳಗೆ ಆಸ್ಪತ್ರೆ ಸೇರಬೇಕು ಎಂದು ಡ್ರೈವರಿಗೆ ಹೇಳಿದೆ. ಅವನು ತಕ್ಷಣ ಆಫೀಸಿಗೆ ಮತ್ತೆ ಫೋನ್ ಹಚ್ಚಿದ.

ಕ್ಷೌರದಂಗಡಿಯಾತ ಅಷ್ಟರಲ್ಲಿ ತುರ್ತು ಸೇವೆಗೆ ಫೋನ್ ಮಾಡಿದ್ದ. ಅಲ್ಲಿಯ ಹುಡುಗಿ ಬಹಳ ಒಳ್ಳೆಯವಳು, ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳಂತೆ. ಆಮೇಲೆ ತನ್ನ ಪರದೆ ನೋಡಿ, ಹೆದ್ದಾರಿ ಗಸ್ತಿನವರನ್ನು ಹನ್ನೆರಡನೇ ನಂಬರಿಗೆ ಕಳುಹಿಸಿದಳು. ಅವರು ಊರ ಹೊರಗಿನ ಹೆದ್ದಾರಿಯಲ್ಲಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನಮ್ಮ ಮನೆಯನ್ನು ಹುಡುಕುತ್ತಿದ್ದರು.

"ಈಗ ಫೋನ್ ಮಾಡಿದ್ರು ಅತ್ತಿಗೆ," ಎಂದು ಅವನು ಚಕ್ರಗಳ ಆಚೆಯಿಂದ ಕೂಗಿ ಹೇಳಿದ. "ಇಲ್ಲಿ ಮನೇನೇ ಇಲ್ಲ, ಬರೀ ಬಯಲು, ತಮಾಷೆ ಮಾಡ್ತೀರಾ ಅಂತ ನನಗೇ ಗದರಿದ್ರು. ಸರಿಯಾಗಿ ದಾರಿ ಹೇಳಿದ್ದೀನಿ, ಈಗ ಊರೊಳಗೆ ಬರ್ತಾರಂತೆ. ಬೀದಿ ಬಾಯಲ್ಲಿ ಹಿಂದಿನ ಗಾಡಿಗಳೆಲ್ಲ ಕಚ್ಕೊಂಡು ನಿಂತಿವೆ. ಅವರು ಒಳಗೆ ಬರೋ ಹೊತ್ತಿಗೆ ಹೊತ್ತು ಮುಳುಗುತ್ತೆ."

ಆಗ ಡ್ರೈವರು ಹೇಳಿದ, "ಅಕ್ಕಾ, ದೇವರು ದೊಡ್ಡೋನು, ನಿಮ್ಮ ಬಾಗಿಲ ಎದುರಿಗೆ ಚಕ್ರ ಇಲ್ಲ. ಎರಡು ಗುಂಪಿನ ನಡುವಿನ ಜಾಗ. ತೆವಳಿಕೊಂಡು ಬರಬಹುದು. ಬಾಗಿಲು ಒಡೆದುಬಿಡಿ. ನಮ್ಮ ಹತ್ರ ಟಾರ್ಪಾಲಿದೆ, ಯಜಮಾನ್ರನ್ನ ಅದರ ಮೇಲೆ ಮಲಗಿಸಿ ಎಳ್ಕೋತೀವಿ. ತಿರುವಿನಾಚೆ ಭಾವನ ಕಾರಿದೆ, ಆ ಕಡೆ ದಾರಿ ಖಾಲಿ."

"ಬಾಗಿಲು ಮುಟ್ಟಬೇಡಿ," ಎಂದರು ನನ್ನ ಗಂಡ, ಮಂಚದಿಂದ.

ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು.

"ಬಾಗಿಲು ಹೋದ್ರೆ ಇನ್ನೊಂದು ಮಾಡಿಸಿದ್ರಾಯ್ತು," ಎಂದೆ.

"ಯಾರ ಕೈಲಿ?"

ನಾನು ಅವರನ್ನೇ ನೋಡಿದೆ. ಮೊಣಕಾಲು ಮಡಚಿ, ದಿಂಬನ್ನು ಎತ್ತರಕ್ಕೆ ಇಟ್ಟುಕೊಂಡು, ಆರಾಮವಾಗಿ ಒರಗಿದ್ದರು. ಆಸ್ಪತ್ರೆಯ ದಿನ ಬೆಳಿಗ್ಗೆ ಅವರ ಮುಖ ಯಾವಾಗಲೂ ಗಂಟಿಕ್ಕಿಕೊಂಡಿರುತ್ತದೆ. ಅಂದು ಶಾಲೆಗೆ ರಜೆ ಸಿಕ್ಕ ಮಗುವಿನಂತೆ ಇತ್ತು. ಅದನ್ನು ನೋಡಿ ನನಗೆ ಹೊರಗಿನ ಗಾಡಿಗಿಂತ ಹೆಚ್ಚು ಭಯವಾಯಿತು.

"ನೀವು ಬಾಗಿಲಿಗೋಸ್ಕರ ಹೇಳ್ತಿಲ್ಲ," ಎಂದೆ.

"ಇಲ್ಲ," ಎಂದು ತಕ್ಷಣ ಒಪ್ಪಿಕೊಂಡರು. "ಸಾಕಾಗಿದೆ ಕಣೇ. ಹೋಗೋದು, ಸೂಜಿ ಚುಚ್ಚಿಸ್ಕೊಳ್ಳೋದು, ಹಿಂಡಿದ ಬಟ್ಟೆ ಹಾಗೆ ಬಂದು ಬೀಳೋದು, ಸರಿಹೋಗೋ ಹೊತ್ತಿಗೆ ಮತ್ತೆ ಹೋಗೋದು. ಇವತ್ತು ನಾನಾಗಿ ಬೇಡ ಅಂದಿಲ್ಲ. ದಾರಿ ಕಟ್ಟಿದೆ. ನಿನ್ನ ತಪ್ಪಲ್ಲ, ನನ್ನದೂ ಅಲ್ಲ. ಹೀಗೆ ಯಾರ ಮೇಲೂ ಬರದ ಹಾಗೆ ಮುಗಿಯೋದಾದ್ರೆ ಮುಗೀಲಿ."

ಇಂಥ ಮಾತಿಗೆ ಉತ್ತರ ಕೊಡಬಾರದು. ಅತ್ತರೆ ಅವರು ಸಮಾಧಾನ ಮಾಡುತ್ತಾರೆ, ಮಾಡುತ್ತಾ ಮಾಡುತ್ತಾ ಹೊತ್ತು ಹೋಗುತ್ತದೆ. ಬೈದರೆ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಬೈದು ಬಡಗಿಯನ್ನು ಬಗ್ಗಿಸಲಾಗದು, ಅಷ್ಟನ್ನು ನಾನು ಮದುವೆಯಾದ ವರ್ಷವೇ ಕಲಿತಿದ್ದೆ.

ಗೋಡೆಗೆ ಅವರ ಗರಗಸಗಳು ತೂಗಿದ್ದವು. ನಾನು ಅವುಗಳಲ್ಲಿ ಅತ್ಯಂತ ಒರಟಾದದ್ದನ್ನು, ಹಸಿ ಕೊಂಬೆ ಕಡಿಯಲು ಇಟ್ಟುಕೊಂಡಿದ್ದನ್ನು, ತೆಗೆದುಕೊಂಡೆ. ತೆರೆದ ಸಂದಿಯ ಅಂಚಿಗೆ ಹಲ್ಲು ಇಟ್ಟು ಕೊಯ್ಯಲು ಶುರುಮಾಡಿದೆ. ಮರ ಕಿರುಚಿತು. ಒಂದೆಳೆತಕ್ಕೆ ಮೇಲೆ, ಒಂದೆಳೆತಕ್ಕೆ ಕೆಳಗೆ, ಗರಗಸ ಕುಡಿದವನ ನಡಿಗೆಯಂತೆ ಹೋಯಿತು. ನುಣುಪಾಗಿ ಉಜ್ಜಿದ್ದ ಅಂಚಿನಿಂದ ಸಿಬಿರು ಎದ್ದು ಬಂತು.

ಹಿಂದೆ ಮಂಚ ಕಿರುಗುಟ್ಟಿತು. ನಾನು ತಿರುಗಲಿಲ್ಲ.

"ಅದು ಯಾವ ಗರಗಸ?"

"ಯಾವುದಾದ್ರೇನು, ಕುಯ್ಯುತ್ತಲ್ಲ."

"ತೊಲೆಗಿಂತ ಮೇಲೆ ಕುಯ್ತಿದ್ದೀಯ. ಕೆಳಗಿನ ತುಂಡೂ ಅದಕ್ಕೇ ಬಡಿಯುತ್ತೆ. ಬಾಗಿಲೂ ಹಾಳು, ದಾರೀನೂ ಇಲ್ಲ."

"ನನಗೇನು ಗೊತ್ತು. ನಾನು ಬಟ್ಟೆ ಹೊಲಿಯೋಳು."

ಇನ್ನೂ ನಾಲ್ಕು ಸಲ ಎಳೆದೆ. ಹಲಗೆ ಚಟ್ ಎಂದು ಸೀಳಿತು. ಆ ಸದ್ದು ಅವರ ಮೈಯಲ್ಲೇ ಆದಂತಾಗಿರಬೇಕು.

"ಬಿಡು. ಅಯ್ಯೋ, ಬಿಡು ಅಂದ್ನಲ್ಲ. ಕೊಡಿಲ್ಲಿ."

ಎದ್ದು ಬಂದರು. ಸೂಜಿ ಚುಚ್ಚುವ ಎಡಗೈಯನ್ನು ಎದೆಗೆ ಆನಿಸಿಕೊಂಡು, ಬಲಗೈಯಿಂದ ಬಾಗಿಲನ್ನು ತಡವಿದರು. ಗಾಯವಾದ ದನವನ್ನು ತಡವಿದಂತೆ. ಸಂದಿಯಲ್ಲಿ ಬೆರಳಿಟ್ಟು ತೊಲೆಯ ಅಡಿ ಎಲ್ಲಿದೆ ಎಂದು ಅಳೆದರು. ನನ್ನ ಹೊಲಿಗೆಯ ಸೀಮೆಸುಣ್ಣದಿಂದ ಅದಕ್ಕಿಂತ ಒಂದು ಗೇಣು ಕೆಳಗೆ ಅಡ್ಡಗೆರೆ ಎಳೆದರು. ಸಣ್ಣ ಹಲ್ಲಿನ ಗರಗಸ ಕೇಳಿದರು. ಬಾಗಿಲಿನ ನಾಲ್ಕು ತಿರುಗಣೆಗಳಲ್ಲಿ ಎರಡು ಗೆರೆಯ ಕೆಳಗೇ ಇದ್ದವು. ಅಡ್ಡಕ್ಕೆ ಒಂದೇ ಕೊಯ್ತ ಸಾಕು, ಕೆಳಗಿನ ತುಂಡು ತಾನಾಗಿ ತೊಲೆಯಡಿ ಹೊರಕ್ಕೆ ತೆರೆಯುತ್ತದೆ.

ನಾಲ್ಕೆಳೆತಕ್ಕೊಮ್ಮೆ ನಿಂತು ಏದುಸಿರು ಬಿಡುತ್ತಿದ್ದರು. ಆಗ ನಾನು ಹಿಡಿಯುತ್ತಿದ್ದೆ. "ಒತ್ತಬೇಡ, ಅದರ ಪಾಡಿಗೆ ಹೋಗೋಕೆ ಬಿಡು," ಎನ್ನುತ್ತಿದ್ದರು. ಹೊರಗಿನಿಂದ ಡ್ರೈವರು ಹಲಗೆಗೆ ಅಂಗೈ ಕೊಟ್ಟು ಅದುರದಂತೆ ಹಿಡಿದಿದ್ದ. ನಡುನಡುವೆ ಅವನ ಫೋನು ಬಡಿದುಕೊಳ್ಳುತ್ತಿತ್ತು. "ಇಲ್ಲ ಸಾರ್, ಮುಂದಕ್ಕೆ ಹೋಗಿಲ್ಲ. ಮುಂದೆ ಗೋಡೆ ಇದೆ ಸಾರ್. ನಿಮ್ಮ ನಕ್ಷೇಲಿ ಗೋಡೆ ಇರಲ್ಲ ಸಾರ್."

ಕೆಳಗಿನ ತುಂಡು ಬಿಡಿಸಿಕೊಂಡು ಮೆಲ್ಲಗೆ ಹೊರಕ್ಕೆ ತಿರುಗಿದಾಗ ಒಳಗೆ ಬೆಳಕಿಗಿಂತ ಮೊದಲು ಎಣ್ಣೆಯ ವಾಸನೆ ಬಂತು. ಕೊಯ್ದ ಅಂಚಿನ ಮೇಲೆ ಅವರು ಹೆಬ್ಬೆರಳು ಆಡಿಸಿದರು. ನೇರವಾಗಿತ್ತು.

ಡ್ರೈವರು ಟಾರ್ಪಾಲನ್ನು ಹೊಸ್ತಿಲವರೆಗೆ ಹಾಸಿದ. ಅವರು ಕುಳಿತು, ಒರಗಿ, ಕಾಲು ಮುಂದಾಗಿ ಮಲಗಿದರು. ನಾನು ತಲೆಯ ಕಡೆ ಕುಕ್ಕುರುಗಾಲಲ್ಲಿ ಕುಳಿತು ದಿಂಬು ಹಿಡಿದೆ. ಡ್ರೈವರೂ ಅವನ ಭಾವನೂ ಆಚೆಯಿಂದ ಎಳೆದರು. ಅರ್ಧ ಮೈ ಟ್ರೇಲರಿನ ಅಡಿ ಹೋಗಿತ್ತು.

"ನಿಲ್ಲಿ," ಎಂದರು ನನ್ನ ಗಂಡ.

ಇಬ್ಬರೂ ನಿಲ್ಲಿಸಿದರು. ಅವರ ಮುಖದಿಂದ ಒಂದು ಮೊಳ ಮೇಲೆ, ಮಣ್ಣು ಮೆತ್ತಿದ ಕಬ್ಬಿಣ. ಅದರ ಮೇಲೆ ಎಷ್ಟೋ ಆನೆಗಳ ಭಾರ. ಅವರು ಕಣ್ಣು ತೆರೆದು ಅದನ್ನೇ ನೋಡುತ್ತಿದ್ದರು.

"ಏ," ಎಂದರು ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ. "ಇಷ್ಟು ವರ್ಷ ಗೆರೆ ಹಾಕ್ದೇನೇ ಬಟ್ಟೆ ನೇರ ಕತ್ತರಿಸಿದೋಳು, ಹಲಗೆ ಮೇಲೆ ಮಾತ್ರ ವಕ್ರ ಹೋಗ್ತೀಯಾ?"

ನಾನು ದಿಂಬು ಸರಿಮಾಡಿದೆ. ಸಿಕ್ಕಿಬಿದ್ದ ಮೇಲೆ ಸುಳ್ಳು ಹೇಳಿ ಏನು ಪ್ರಯೋಜನ.

"ಯಜಮಾನ್ರೇ, ಎಳೀಲಾ, ಇಲ್ಲ ಹಿಂದಕ್ಕೆ ಬಿಡ್ಲಾ?" ಡ್ರೈವರು ಬಗ್ಗಿ ಕೇಳಿದ.

ನನ್ನ ಕೈಯಲ್ಲಿ ದಿಂಬಿನ ಎರಡು ಮೂಲೆಗಳಿದ್ದವು. ಮುಂದಕ್ಕೆ ತಳ್ಳಬಹುದಿತ್ತು. ತಳ್ಳಲಿಲ್ಲ. ಬಾಗಿಲ ತನಕ ತರುವುದು ನನ್ನ ಕೈಲಿತ್ತು, ಅಲ್ಲಿಂದಾಚೆಗೆ ಅವರೇ ಹೇಳಬೇಕು. ಅವರ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕುಳಿತೆ. ಆಫೀಸಿನ ಫೋನು ಮತ್ತೆ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ.

"ಈ ಗಾಡಿ ಯಾವಾಗ ಹೋಗುತ್ತೆ?" ಅವರು ಡ್ರೈವರನ್ನು ಕೇಳಿದರು.

"ಸುಳ್ಳು ಯಾಕೆ ಹೇಳ್ಲಿ. ಗೊತ್ತಿಲ್ಲ."

"ಹಾಗಾದ್ರೆ ಸಂಜೆ ಹೀಗೇ ಒಳಗೆ ಬರಬೇಕು. ನಾಡಿದ್ದು ಹೀಗೇ ಹೊರಗೆ."

"ಹೌದು ಯಜಮಾನ್ರೇ."

ಅವರು ಎಡಗೈಯನ್ನು ಎದೆಯ ಮೇಲೆ ಸರಿಯಾಗಿ ಇಟ್ಟುಕೊಂಡರು, ನೆಲಕ್ಕೆ ತಾಗದಂತೆ.

"ಎಳೀರಿ," ಎಂದರು. "ಕೆಳಗೆ ಕಲ್ಲಿದೆ, ಬೆನ್ನಿಗೆ ಒತ್ತುತ್ತೆ. ನಿಧಾನ."